ಹಾಲೂ ಅಲ್ಲ, ಬಿಳಿಯೂ ಅಲ್ಲ: ‘ದುಗ್ಧರಸ’ ಎಂಬ ಪದದ ಮೇಲೆ ನಮ್ಮ ತಕರಾರು

ಆನೆಕಾಲು ರೋಗದ ಗುಳಿಗೆ ಹಂಚುವ ದಿನ. ಯಾದಗಿರಿ ಜಿಲ್ಲೆಯಲ್ಲಿ ಕಾಲುವೆ ಕೊನೆಯ ಒಂದು ಊರಿಗೆ ಸುದ್ದಿ ಮಾಡಲು ಹೋಗಿದ್ದೆವು. ಆಶಾ ಕಾರ್ಯಕರ್ತೆ ಮುಂದೆ, ನೋಟ್‌ಬುಕ್ ಹಿಡಿದ ನಾವು ಹಿಂದೆ. ಒಂದು ಮನೆಯ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ನಮ್ಮನ್ನು ಕರೆದರು.

“ತಮ್ಮಾ, ನೀ ಪೇಪರ್‌ನಾವ ಹೌದಲ್ಲೋ? ಈ ರೋಗ ಹಾಲಿಂದ ಬರ್ತದಂತ ಖರೇನ? ಎರಡು ದಿನ ಆತು, ನಾ ಚಾದಾಗ ಹಾಲು ಹಾಕ್ಕೊಂಡಿಲ್ಲ.”

ಯಾರು ಹೇಳಿದರು ಅಜ್ಜಿ ಎಂದು ಕೇಳಿದೆವು. ಒಳಗಿನಿಂದ ಮೊಮ್ಮಗ ಬಂದ. ಒಂಬತ್ತನೇ ಕ್ಲಾಸಿನ ಹುಡುಗ. ಕೈಯಲ್ಲಿ ಕರಪತ್ರ. ಅದರಲ್ಲಿ ಹೀಗೊಂದು ಸಾಲು: ರೋಗದ ಹುಳು ‘ದುಗ್ಧರಸ ನಾಳಗಳಲ್ಲಿ’ ವಾಸಿಸುತ್ತದೆ. ಹುಡುಗನಿಗೆ ಕನ್ನಡ ಪಾಠದಿಂದ ದುಗ್ಧ ಅಂದರೆ ಹಾಲು ಎಂದು ಗೊತ್ತಿತ್ತು. ಓದಿದ್ದನ್ನು ಅಜ್ಜಿಗೆ ಬಿಡಿಸಿ ಹೇಳಿದ್ದ: ಹಾಲಿನ ರಸದೊಳಗೆ ಹುಳ ಇರ್ತದ.

ಹುಡುಗ ತಪ್ಪು ಹೇಳಿದನೇ? ಇಲ್ಲ. ಪದವನ್ನು ಪದದ ಅರ್ಥದಂತೆಯೇ ಹೇಳಿದ. ಅಜ್ಜಿ ತಪ್ಪು ತಿಳಿದರೇ? ಅದೂ ಇಲ್ಲ. ತಪ್ಪು ಇದ್ದದ್ದು ಪದದಲ್ಲಿ. ಇವತ್ತಿನ ನಮ್ಮ ಜಗಳ ಆ ಪದದ ಜೊತೆ. ಅದನ್ನು ಕಣ್ಣುಮುಚ್ಚಿ ಬಳಸುವವರ ಜೊತೆಗೂ ಹೌದು. ಆ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ. ಯಾಕೆಂದರೆ ಅಂದು ಸಂಜೆ ನಾವು ಕಳಿಸಿದ ಸುದ್ದಿಯಲ್ಲೂ ಕರಪತ್ರದ ಅದೇ ಸಾಲನ್ನು ಎತ್ತಿ ಹಾಕಿದ್ದೆವು.

ಮೊದಲು, ಅದು ಏನು?

ಇಂಗ್ಲಿಷಿನಲ್ಲಿ ಅದನ್ನು ಲಿಂಫ್ ಅನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ದುಗ್ಧರಸ. ಎರಡನ್ನೂ ಬದಿಗಿಟ್ಟು ನಮ್ಮ ಹೊಲದ ಮಾತಿನಲ್ಲಿ ನೋಡೋಣ.

ಕಾಲುವೆ ನೀರು ಬರುವ ಊರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಲಕ್ಕೆ ನೀರು ಬರಲು ಒಂದು ಕಾಲುವೆ ಬೇಕು. ಹೆಚ್ಚಾದ ನೀರು ಹೊರಗೆ ಹೋಗಲು ಇನ್ನೊಂದು ಬೇಕು. ಅದೇ ಬಸಿಗಾಲುವೆ. ಬಸಿಗಾಲುವೆ ಇಲ್ಲದಿದ್ದರೆ, ಇದ್ದೂ ಹೂಳು ತುಂಬಿದರೆ, ಕಪ್ಪು ಮಣ್ಣಿನ ಹೊಲ ನೀರು ಕುಡಿದು ಕುಡಿದು ಜವಳಾಗುತ್ತದೆ. ಆಮೇಲೆ ಉಪ್ಪು ಮೇಲೆದ್ದು ಸವಳಾಗುತ್ತದೆ. ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಹೊಲಗಳನ್ನು ನಾವು ನೀವು ಎಲ್ಲ ನೋಡಿದ್ದೇವೆ.

ನಮ್ಮ ಮೈಯೂ ಹಾಗೆಯೇ. ರಕ್ತನಾಳಗಳು ನೀರು ತರುವ ಕಾಲುವೆ. ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯಿಂದ ರಕ್ತದ ನೀರಿನಂಶ ದಿನಕ್ಕೆ ಸುಮಾರು 20 ಲೀಟರಿನಷ್ಟು ಹೊರಗೆ ಜಿನುಗುತ್ತದೆ. ಮಾಂಸಕ್ಕೆ, ಚರ್ಮಕ್ಕೆ ಬೇಕಾದ್ದನ್ನು ಮುಟ್ಟಿಸಿ ಅದರಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಮರಳುತ್ತದೆ ಎಂದು ಇಷ್ಟು ವರ್ಷ ಪುಸ್ತಕಗಳು ಲೆಕ್ಕ ಕೊಟ್ಟಿವೆ. ಉಳಿಯುವುದು ಸುಮಾರು 3 ಲೀಟರ್. ಅದು ಮೈಯಲ್ಲೇ ನಿಂತರೆ ಮೈ ಊದುತ್ತದೆ. ಅದನ್ನು ಎತ್ತಿಕೊಂಡು ಹೋಗಿ ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸಲು ಬೇರೆಯೇ ನಾಳಗಳ ಜಾಲವಿದೆ. ಅದು ಮೈಯ ಬಸಿಗಾಲುವೆ. ಅದರಲ್ಲಿ ಹರಿಯುವ ನೀರೇ ಲಿಂಫ್.

ಈ ಬಸಿಗಾಲುವೆಗೆ ಹೃದಯದಂಥ ಪಂಪು ಇಲ್ಲ. ನಡೆದಾಗ, ಕೈಕಾಲು ಆಡಿಸಿದಾಗ ಮಾಂಸಖಂಡಗಳು ಹಿಂಡುತ್ತವೆ. ಆ ನಾಳಗಳ ಗೋಡೆಯೂ ತಾನೇ ಸ್ವಲ್ಪ ಸ್ವಲ್ಪ ಹಿಂಡುತ್ತದೆ. ಒಳಗೆ ಸಣ್ಣ ಕವಾಟಗಳಿವೆ, ನೀರು ಹಿಂದಕ್ಕೆ ಹೋಗದಂತೆ ತಡೆಯುತ್ತವೆ.

ದಾರಿಯಲ್ಲಿ ಅಲ್ಲಲ್ಲಿ ಸೋಸುವ ಗಂಟುಗಳಿವೆ. ಕತ್ತಿನಲ್ಲಿ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಹೊಟ್ಟೆಯೊಳಗೆ, ಎಲ್ಲ ಸೇರಿ ನೂರಾರು. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಕಟ್ಟುತ್ತದಲ್ಲ, ಅದು ಇದೇ. ಹಲ್ಲು ಹುಳುಕಾಗಿ ಬಾತಾಗ ದವಡೆಯ ಕೆಳಗೆ ಬೆರಳಿಗೆ ಸಿಗುವ ಗಂಟು ಇದೇ. ಕಾಲುವೆಯ ಬಾಯಿಗೆ ಹಾಕಿದ ಜಾಲರಿಯಲ್ಲಿ ಕಸ ಸಿಕ್ಕುವಂತೆ ಇಲ್ಲಿ ರೋಗಾಣು ಸಿಕ್ಕಿಬೀಳುತ್ತದೆ, ಅಲ್ಲೇ ಕಾದಾಟ ನಡೆಯುತ್ತದೆ, ಗಂಟು ಊದುತ್ತದೆ.

ಇಷ್ಟರಲ್ಲಿ ಹಾಲು ಎಲ್ಲಿದೆ? ಒಂದೇ ಒಂದು ಜಾಗದಲ್ಲಿದೆ. ಈ ಪದದ ಕತೆ ಶುರುವಾಗುವುದೂ ಅಲ್ಲಿಂದಲೇ.

ಹಾಲಿನ ಹೆಸರು ಬಂದದ್ದು ನಾಯಿಯ ಹೊಟ್ಟೆಯಿಂದ

1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ ಒಂದು ಜೀವಂತ ನಾಯಿಯ ಹೊಟ್ಟೆ ಕುಯ್ದು ನೋಡುತ್ತಿದ್ದರು. ಕರುಳನ್ನು ಹಿಡಿದಿಟ್ಟ ಪೊರೆಯ ಮೇಲೆ ಬಿಳಿ ದಾರಗಳಂಥವು ಕಂಡವು. ಮೊದಲು ನರ ಎಂದುಕೊಂಡರು. ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಬಂತು. ಆಮೇಲೆ ಬೇರೆ ಪ್ರಾಣಿಗಳಲ್ಲೂ ನೋಡಿದರು. ಹೊಟ್ಟೆತುಂಬ ತಿಂದಿದ್ದ ಪ್ರಾಣಿಯಲ್ಲಿ ಈ ಬಿಳಿ ನಾಳ ಕಾಣುತ್ತಿತ್ತು, ಹಸಿದ ಪ್ರಾಣಿಯಲ್ಲಿ ಕಾಣುತ್ತಿರಲಿಲ್ಲ. ಯಾಕೆಂದರೆ ಅದು ಬಿಳಿಯಾಗುವುದು ಊಟದ ಕೊಬ್ಬಿನಿಂದ. ಕರುಳಿನಲ್ಲಿ ಕರಗಿದ ಎಣ್ಣೆ, ತುಪ್ಪದ ಅಂಶವನ್ನು ಎತ್ತಿಕೊಂಡಾಗ ಮಾತ್ರ ಅಲ್ಲಿನ ದ್ರವ ಹಾಲಿನಂತೆ ಕಾಣುತ್ತದೆ. ಅಸೆಲ್ಲಿ ಅದಕ್ಕೆ ಲ್ಯಾಟಿನ್‌ನಲ್ಲಿ ಹಾಲಿನ ನಾಳ ಎಂಬ ಅರ್ಥದ ಹೆಸರಿಟ್ಟರು. ಅವರು ಕಂಡದ್ದಕ್ಕೆ ಅದು ಸರಿಯಾದ ಹೆಸರೇ.

ಸುಮಾರು ಮೂವತ್ತು ವರ್ಷದ ನಂತರ ಇಂಥದೇ ನಾಳಗಳು ಮೈಯ ಬೇರೆ ಕಡೆಯೂ ಇವೆ ಎಂದು ತಿಳಿಯಿತು. ಸ್ವೀಡನ್ನಿನ ಓಲೊಫ್ ರುಡ್‌ಬೆಕ್ 1652ರಲ್ಲಿ ಅಲ್ಲಿನ ರಾಣಿ ಕ್ರಿಸ್ಟಿನಾ ಎದುರು ಇವನ್ನು ತೋರಿಸಿದರು. ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನ್ 1653ರಲ್ಲಿ ಪುಸ್ತಕ ಬರೆದರು. ಯಾರು ಮೊದಲು ಕಂಡದ್ದು ಎಂದು ಇಬ್ಬರಿಗೂ ದೊಡ್ಡ ಜಗಳವೇ ಆಯಿತು. ಆ ಜಗಳ ನಮಗೆ ಬೇಡ. ನಮಗೆ ಬೇಕಾದ್ದು ಬಾರ್ಥೊಲಿನ್ ಇಟ್ಟ ಹೆಸರು. ಈ ನಾಳಗಳಲ್ಲಿ ಹರಿಯುವುದು ಹಾಲಲ್ಲ, ತಿಳಿಯಾದ ನೀರು ಎಂದು ಅವರು ನೋಡಿದ್ದರು. ಹಾಗಾಗಿ ‘ಲಿಂಫಾ’ ಎಂಬ ಲ್ಯಾಟಿನ್ ಪದ ಹಿಡಿದರು. ಲಿಂಫಾ ಅಂದರೆ ತಿಳಿನೀರು. ನೀರಿನ ದೇವತೆಗೆ ಗ್ರೀಕರು ಹೇಳುತ್ತಿದ್ದ ‘ನಿಂಫ್’ ಎಂಬ ಪದದ ನೆರಳು ಆ ಪದದ ಮೇಲೆ ಬಿದ್ದಿದೆ.

ನೋಡಿ, ಹೆಸರಿಟ್ಟವರು ಎಷ್ಟು ಸ್ಪಷ್ಟವಾಗಿದ್ದರು. ಕರುಳಿನದ್ದು ಹಾಲು, ಉಳಿದದ್ದು ನೀರು. ಎರಡು ಕಂಡರು, ಎರಡು ಹೆಸರಿಟ್ಟರು.

ಕನ್ನಡದ ಪುಸ್ತಕಗಳಲ್ಲಿ ಆದದ್ದೇನು? ನೀರಿನ ತಲೆಯ ಮೇಲೆ ಹಾಲಿನ ಹೆಸರು ಕೂತಿತು. ಕಾಲಿನಲ್ಲಿ, ಕೈಯಲ್ಲಿ, ಕತ್ತಿನಲ್ಲಿ ಹರಿಯುವ ತಿಳಿನೀರೆಲ್ಲ ದುಗ್ಧರಸವಾಯಿತು. ಸೋಸುವ ಗಂಟು ದುಗ್ಧಗ್ರಂಥಿಯಾಯಿತು. ಹತ್ತನೇ ಕ್ಲಾಸಿನ ಮಕ್ಕಳು ಈಗಲೂ ಓದುತ್ತಾರೆ: ದುಗ್ಧರಸಕ್ಕೆ ಬಣ್ಣವಿಲ್ಲ. ಬಣ್ಣವಿಲ್ಲದ ಹಾಲು! ಪದ ಒಂದು ಹೇಳುತ್ತದೆ, ಮುಂದಿನ ಸಾಲು ಇನ್ನೊಂದು ಹೇಳುತ್ತದೆ. ಮಗು ಎರಡನ್ನೂ ಬಾಯಿಪಾಠ ಮಾಡುತ್ತದೆ.

ಸಂಸ್ಕೃತ ಬೇಡ, ಅಚ್ಚಗನ್ನಡದಲ್ಲಿ ಹೇಳೋಣ ಎಂದು ಹೊರಟವರೂ ಇದ್ದಾರೆ. ಅವರ ಮೇಲೆ ನಮಗೆ ಪ್ರೀತಿ ಇದೆ. ಆದರೆ ಅವರಲ್ಲಿ ಕೆಲವರು ಮಾಡಿದ್ದು ‘ಹಾಲ್ರಸ’. ಅಂಗಿ ಬದಲಾಯಿತು, ಒಳಗಿರುವ ತಪ್ಪು ಅದೇ. ಆ ಅಜ್ಜಿಗೆ ‘ಹಾಲ್ರಸ’ ಎಂದು ಹೇಳಿದ್ದರೆ ಮೊಮ್ಮಗನ ಸಹಾಯವೂ ಬೇಕಾಗುತ್ತಿರಲಿಲ್ಲ, ನೇರವಾಗಿ ಚಹಾದಿಂದ ಹಾಲು ಬಿಡುತ್ತಿದ್ದರು.

ಸರಿಯಾದ ಪದ ಇತ್ತು, ಸೂಜಿಯೊಳಗೆ ಹೋಯಿತು

ಸಂಸ್ಕೃತದಲ್ಲಿ ಪದವೇ ಇರಲಿಲ್ಲ, ಪಾಪ ಅವರಾದರೂ ಏನು ಮಾಡಿಯಾರು ಎನ್ನುವಂತೆಯೂ ಇಲ್ಲ. ಪದ ಇತ್ತು. ‘ಲಸೀಕಾ’. ಚರಕ ಸಂಹಿತೆಯ ಶಾರೀರ ಸ್ಥಾನದಲ್ಲಿ ಮೈಯೊಳಗಿನ ನೀರಿನ ಲೆಕ್ಕ ಬರುತ್ತದೆ. ಅವರವರ ಬೊಗಸೆಯಿಂದ ಅಳೆದರೆ ಹತ್ತು ಬೊಗಸೆ ನೀರು. ಅದೇ ನೀರು ಬಿಸಿಗೆ ರೋಮದ ಬುಡದಿಂದ ಹೊರಬಂದರೆ ಬೆವರು. ಚರ್ಮದ ಒಳಗೆ, ಗಾಯದಲ್ಲಿ ಕಂಡರೆ ಲಸೀಕಾ. ಎಷ್ಟು ಸರಳ! ಹಿಂದಿಯವರೂ ಮರಾಠಿಯವರೂ ಲಿಂಫ್‌ಗೆ ಇವತ್ತಿಗೂ ಈ ಪದವನ್ನೇ ಇಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಅದು ಏನಾಯಿತು? ನಿಮಗೆ ಗೊತ್ತಿರುವ ಪದವೇ. ಲಸಿಕೆ. ಕೋವಿಡ್ ಕಾಲದಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಪದ. ಪೋಲಿಯೊ ಲಸಿಕೆ, ದಡಾರದ ಲಸಿಕೆ, ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ. ಮೈಯೊಳಗಿನ ನೀರಿನ ಹೆಸರು ಸೂಜಿಮದ್ದಿಗೆ ಹೇಗೆ ಬಂತು?

ಅದಕ್ಕೂ ಕಾರಣವಿದೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ನೀರು ತೆಗೆದು ಒಬ್ಬ ಹುಡುಗನ ತೋಳಿಗೆ ಹಾಕಿದರು. ಹಸುವಿನ ಸಿಡುಬಿನ ಗುಳ್ಳೆಯ ನೀರು ಅದು. ಹುಡುಗನಿಗೆ ದೊಡ್ಡ ಸಿಡುಬು ತಗಲಲಿಲ್ಲ. ಆ ಗುಳ್ಳೆಯ ನೀರನ್ನು ಇಂಗ್ಲಿಷಿನಲ್ಲಿ ‘ಲಿಂಫ್’ ಎಂದೇ ಕರೆದರು. 1802ರ ಜೂನ್‌ನಲ್ಲಿ ಅದು ಮುಂಬೈ ತಲುಪಿತು. ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ, ಹೀಗೆ ದಾಟಿಸುತ್ತಾ ತಂದರು. ಮೈಸೂರು ಅರಮನೆಗೂ ಅದು ಬೇಗನೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಒಂದು ಚಿತ್ರವಿದೆ. ಅದರಲ್ಲಿರುವವರು ಒಡೆಯರ್ ಮನೆತನದ ರಾಣಿಯರು, ಚಿತ್ರ ಬರೆಸಿದ್ದು ಜನರಿಗೆ ಈ ಮದ್ದಿನ ಮೇಲೆ ನಂಬಿಕೆ ಬರಲಿ ಎಂದು, ಎಂಬುದು ಇತಿಹಾಸ ಬಲ್ಲವರ ಮಾತು. ಮುಂದೆ ಕರುವಿನ ಮೈಯಲ್ಲಿ ಈ ನೀರನ್ನು ಬೆಳೆಸಿ ಸೀಸೆಗೆ ತುಂಬುವ ಕೆಲಸ ಶುರುವಾಯಿತು. ಬೆಂಗಳೂರಿನಲ್ಲಿ ಅದನ್ನು ತಯಾರಿಸುವ ಕೇಂದ್ರವಿತ್ತು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿಗೆ ಬಂದ ಡಾ. ಪಲ್ಪು ಅಲ್ಲಿ ದುಡಿದವರು. ಬೆಳಗಾವಿಯಲ್ಲೂ ಅಂಥ ಸಂಸ್ಥೆ ಇತ್ತು.

ಸೀಸೆಯಲ್ಲಿದ್ದದ್ದು ಲಿಂಫ್. ಲಿಂಫ್ ಅಂದರೆ ಲಸೀಕಾ. ಅದು ಲಸಿಕೆ ಆಯಿತು. ನಿಮ್ಮ ಮನೆಯಲ್ಲಿ ಹಿರಿಯರ ತೋಳಿನ ಮೇಲೆ ಗುಂಡನೆಯ ಕಲೆ ಇದ್ದರೆ ನೋಡಿ. ‘ದಾಕು ಹಾಕಿಸಿದ್ದು’ ಎನ್ನುತ್ತಾರೆ. ಆ ಕಲೆಯ ಜಾಗದಿಂದ ಒಳಗೆ ಹೋದದ್ದು ಈ ಪದವೇ. 1977ರಲ್ಲಿ ಭಾರತದಿಂದ ಸಿಡುಬು ಹೋಯಿತೆಂದು ಘೋಷಣೆಯಾಯಿತು. ಸಿಡುಬು ಹೋಯಿತು, ಪದ ಉಳಿಯಿತು, ಬೇರೆ ಎಲ್ಲ ರೋಗಗಳ ಸೂಜಿಮದ್ದಿಗೂ ಹಬ್ಬಿತು.

ಇದರಲ್ಲಿ ನಮಗೆ ಬೇಸರವಿಲ್ಲ. ಲಸಿಕೆ ಒಳ್ಳೆಯ ಪದ, ಊರಿಗೆ ಉಪಕಾರ ಮಾಡಿದ ಪದ. ಅದನ್ನು ಈಗ ವಾಪಸ್ ತಂದು ಲಿಂಫ್‌ಗೆ ಕಟ್ಟಲು ಆಗುವುದಿಲ್ಲ, ಕಟ್ಟಿದರೆ ಮತ್ತೆ ಗೊಂದಲ. ಆದರೆ ಇದರಿಂದ ಒಂದು ಪಾಠವಿದೆ. ಲಸಿಕೆಯೂ ಸಂಸ್ಕೃತದ ಪದವೇ. ದುಗ್ಧರಸವೂ ಸಂಸ್ಕೃತದ ಪದವೇ. ಒಂದು ಪ್ರತಿ ಮನೆಯ ಬಾಯಿಗೆ ಬಂತು, ಇನ್ನೊಂದು ಪರೀಕ್ಷೆಯ ಹಾಳೆ ದಾಟಲಿಲ್ಲ. ಯಾಕೆ? ಒಂದನ್ನು ವಸ್ತುವಿನ ಜೊತೆಗೆ ಕೊಟ್ಟರು. ತೋಳು ಹಿಡಿದು, ಚುಚ್ಚಿ, ಇದು ಲಸಿಕೆ ಎಂದರು. ಇನ್ನೊಂದನ್ನು ಬರೀ ಗಾಳಿಯಲ್ಲಿ ಬಿಟ್ಟರು.

“ಅದು ಪುಸ್ತಕದಾಗಿನ ಗ್ರಂಥಿ”

ಒಂದು ಪದಕ್ಕೆ ಇಷ್ಟು ಗಲಾಟೆ ಯಾಕೆ ಎನ್ನುವವರಿಗೆ ಇನ್ನೊಂದು ಘಟನೆ ಹೇಳುತ್ತೇವೆ.

ನಮ್ಮ ಓಣಿಯ ಹುಡುಗಿ. ಹತ್ತನೇ ಕ್ಲಾಸು. ಓದಿನಲ್ಲಿ ಚುರುಕು. ಕತ್ತಿನ ಎಡಬದಿಯಲ್ಲಿ ಕಡಲೆಯಷ್ಟು ಗಂಟು ಬಂತು. ನೋವಿಲ್ಲ. ಬೇವಿನ ಎಲೆ ಅರೆದು ಹಚ್ಚಿದರು. ತಿಂಗಳಿಗೆ ನೆಲ್ಲಿಕಾಯಿಯಷ್ಟಾಯಿತು. ತಾಯತ ಕಟ್ಟಿಸಿದರು. ಪಕ್ಕದಲ್ಲಿ ಇನ್ನೆರಡು ಎದ್ದವು. ಮೂರು ತಿಂಗಳು ಆಗುವ ಹೊತ್ತಿಗೆ ಹುಡುಗಿ ಸೊರಗಿದ್ದಳು, ಸಂಜೆ ಮೈ ಬಿಸಿ ಇರುತ್ತಿತ್ತು. ಓಢಣಿಯಿಂದ ಕತ್ತು ಮುಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದಳು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಷಯ. ಕ್ಷಯ ಅಂದರೆ ಬರೀ ಕೆಮ್ಮು, ಬರೀ ಶ್ವಾಸಕೋಶ ಎಂದು ಮನೆಯವರು ತಿಳಿದಿದ್ದರು. ಈ ಗಂಟುಗಳಿಗೂ ಅದು ಬರುತ್ತದೆ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದ ಬೇನೆಗೆ ಬಹಳ ಸಲ ಇದೇ ಕಾರಣ. ಆರು ತಿಂಗಳು ಸರ್ಕಾರಿ ಗುಳಿಗೆ ನುಂಗಿದಳು, ಪೂರ್ತಿ ಗುಣವಾಗಿದ್ದಾಳೆ.

ಗುಣವಾದ ಮೇಲೆ ಒಂದು ದಿನ ಅವಳನ್ನು ಕೇಳಿದೆವು: ಪುಸ್ತಕದಲ್ಲಿ ದುಗ್ಧರಸದ ಪಾಠ ಇತ್ತಲ್ಲ? ಇತ್ತು. ಪ್ರಶ್ನೆ ಬಂದಿತ್ತಾ? ಬಂದಿತ್ತು, ಪೂರ್ತಿ ಅಂಕ ಸಿಕ್ಕಿತ್ತು. ಹಾಗಾದರೆ ನಿನ್ನ ಕತ್ತಿನಲ್ಲಿ ಇರುವುದು ಅದೇ ಎಂದು ಹೊಳೆಯಲಿಲ್ಲವೇ?

“ಅದು ಪುಸ್ತಕದಾಗಿನ ಗ್ರಂಥಿ ಅಲ್ಲೇನಣ್ಣಾ, ಇದು ಗಂಟು.”

ಗ್ರಂಥಿ ಅಂದರೂ ಗಂಟು ಅಂದರೂ ಅರ್ಥ ಒಂದೇ. ಆದರೆ ಅವಳಿಗೆ ಒಂದು ಪರೀಕ್ಷೆಯದು, ಇನ್ನೊಂದು ಕತ್ತಿನದು. ನಡುವೆ ಸೇತುವೆ ಇರಲಿಲ್ಲ. ಆ ಸೇತುವೆ ಹಾಕಬೇಕಾದ್ದು ಪದದ ಕೆಲಸ. ಪಾಠದಲ್ಲಿ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು: ದವಡೆಯ ಕೆಳಗೆ ಬೆರಳಿಟ್ಟು ನೋಡಿ, ಮುಳ್ಳು ಚುಚ್ಚಿದಾಗ ತೊಡೆಸಂದಿನಲ್ಲಿ ಕಟ್ಟುವ ಗಂಟು ಇದೇ. ಮೂರು ತಿಂಗಳು ಉಳಿಯುತ್ತಿತ್ತು.

ಹೇಳುವವರ ವಾದ, ನಮ್ಮ ಉತ್ತರ

ಈ ವಿಷಯ ಎತ್ತಿದಾಗ ಮೂರು ಮಾತು ಬರುತ್ತವೆ.

ಒಂದು: ಶಾಸ್ತ್ರದ ಪದಕ್ಕೆ ಪದಶಃ ಅರ್ಥ ಹುಡುಕಬಾರದು. ಆಮ್ಲಜನಕ ಅಂದರೂ ಆಮ್ಲ ಹುಟ್ಟಿಸುವುದು ಎಂದೇ ಅರ್ಥ, ಅದೂ ತಪ್ಪೇ. ಎಲ್ಲ ಆಮ್ಲದಲ್ಲೂ ಅದು ಇರುತ್ತದೆ ಎಂದು ಫ್ರಾನ್ಸಿನ ಲವೊಸಿಯೆ ತಪ್ಪು ತಿಳಿದಿದ್ದರು, ಆ ತಪ್ಪು ಹೆಸರಿನಲ್ಲಿ ಉಳಿಯಿತು. ಯಾರಿಗೂ ತೊಂದರೆ ಆಗಿಲ್ಲವಲ್ಲ?

ನ್ಯಾಯವಾದ ಮಾತು. ಒಪ್ಪುತ್ತೇವೆ. ಹುಟ್ಟಿನಲ್ಲಿ ತಪ್ಪಿರುವ ಪದವೂ ಬಳಕೆಯಲ್ಲಿ ಸರಿಹೋಗಬಹುದು. ಆದರೆ ಆಮ್ಲಜನಕ ಕೇಳಿದರೆ ನಮಗೆ ಸಿಲಿಂಡರ್ ನೆನಪಾಗುತ್ತದೆ, ಉಸಿರು ನೆನಪಾಗುತ್ತದೆ. ಆಮ್ಲ ಕುಡಿಯಬಾರದು ಎಂದು ಯಾರೂ ತಿಳಿಯುವುದಿಲ್ಲ. ದುಗ್ಧರಸ ಕೇಳಿದರೆ ಒಂದೋ ಏನೂ ನೆನಪಾಗುವುದಿಲ್ಲ, ಇಲ್ಲವೇ ಹಾಲು ನೆನಪಾಗುತ್ತದೆ. ಪದ ತಪ್ಪಿದ್ದು ಜನರ ಬಳಕೆಯಲ್ಲಿದ್ದರೆ ಸಹಿಸಬಹುದು. ಸರಿಯಿದ್ದು ಬಳಕೆಯಲ್ಲಿಲ್ಲದಿದ್ದರೂ ಕಲಿಸಬಹುದು. ತಪ್ಪೂ ಆಗಿ, ಬಳಕೆಯೂ ಇಲ್ಲದ ಪದವನ್ನು ಯಾಕೆ ಹೊರಬೇಕು?

ಎರಡು: ಡಾಕ್ಟರರೆಲ್ಲ ಲಿಂಫ್ ನೋಡ್ ಎನ್ನುತ್ತಾರೆ, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಮುಗಿಯಿತಲ್ಲ?

ಬರೆಯಿರಿ. ನಮಗೆ ಮಡಿಮೈಲಿಗೆ ಇಲ್ಲ. ಬಿಪಿ, ಶುಗರ್ ಎಲ್ಲ ನಮ್ಮ ಅಜ್ಜಿಯರ ಮಾತೇ ಆಗಿವೆ. ಆದರೆ ‘ಲಿಂಫ್ ಗಂಟು’ ಎನ್ನಿ. ಆಸ್ಪತ್ರೆ ಚೀಟಿಗೆ ಲಿಂಫ್, ಬೆರಳಿಗೆ ಗಂಟು. ಎರಡೂ ಕಡೆ ಹಿಡಿತ ಸಿಗುತ್ತದೆ.

ಮೂರು: ಹಳ್ಳಿಯವರಿಗೆ ಇದೆಲ್ಲ ಯಾಕೆ, ಗುಳಿಗೆ ನುಂಗಿ ಎಂದರೆ ಸಾಲದೇ?

ಸಾಲದು. ಈ ಮಾತಿಗೆ ಮಾತ್ರ ನಮಗೆ ಸಿಟ್ಟು ಬರುತ್ತದೆ. ಆನೆಕಾಲು ಗುಳಿಗೆಯ ಕತೆಯನ್ನೇ ತೆಗೆದುಕೊಳ್ಳಿ. 2004ರಿಂದ ದೇಶದಲ್ಲಿ ರೋಗ ಇರುವ ಜಿಲ್ಲೆಗಳ ಎಲ್ಲರಿಗೂ ಒಟ್ಟಿಗೆ ಗುಳಿಗೆ ನುಂಗಿಸುವ ಕಾರ್ಯಕ್ರಮ ನಡೆದಿದೆ. ನಮ್ಮ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೆ ಇದು ಹೊಸತಲ್ಲ. ಕೈಗೆ ಗುಳಿಗೆ ಬಂದಾಗ ಜನ ಕೇಳುವುದು ಒಂದೇ ಪ್ರಶ್ನೆ: ನನಗೆ ಏನೂ ಆಗಿಲ್ಲ, ನಾನ್ಯಾಕೆ ನುಂಗಬೇಕು? ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳದಿದ್ದರೆ ಗುಳಿಗೆ ಕಿಸೆಗೆ ಹೋಗುತ್ತದೆ, ಆಮೇಲೆ ತಿಪ್ಪೆಗೆ.

ಉತ್ತರ ಇರುವುದು ಆ ಬಸಿಗಾಲುವೆಯಲ್ಲಿ. ಚರಂಡಿಯಂಥ ಕೊಳಕು ನೀರಿನಲ್ಲಿ ಹುಟ್ಟುವ ಸೊಳ್ಳೆ ಕಚ್ಚಿದಾಗ ಸಣ್ಣ ಹುಳು ಮೈಗೆ ಬರುತ್ತದೆ. ದಾರದಂತೆ ಬೆಳೆದು ಮೈಯ ಬಸಿಗಾಲುವೆಯಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಲಕ್ಷಗಟ್ಟಲೆ ಮರಿ ಹಾಕುತ್ತದೆ. ಮರಿಗಳು ರಾತ್ರಿ ರಕ್ತದಲ್ಲಿ ಓಡಾಡುತ್ತವೆ, ಆ ಹೊತ್ತಿಗೆ ಕಚ್ಚಿದ ಸೊಳ್ಳೆ ಅವನ್ನು ಪಕ್ಕದ ಮನೆಗೆ ಒಯ್ಯುತ್ತದೆ. ಇಷ್ಟೂ ವರ್ಷ ನಿಮಗೆ ಏನೂ ಗೊತ್ತಾಗದಿರಬಹುದು. ಒಳಗೆ ಬಸಿಗಾಲುವೆ ಹಾಳಾಗುತ್ತಿರುತ್ತದೆ. ಒಂದು ದಿನ ನೀರು ಬಸಿಯುವುದು ನಿಲ್ಲುತ್ತದೆ. ಕಾಲು ಊದುತ್ತದೆ, ಗಂಡಸರಿಗೆ ಬೀಜದ ಚೀಲದಲ್ಲಿ ನೀರು ತುಂಬುತ್ತದೆ. ಜವಳು ಹಿಡಿದ ಹೊಲವನ್ನು ಮೊದಲಿನಂತೆ ಮಾಡುವುದು ಎಷ್ಟು ಕಷ್ಟ ಎಂದು ರೈತರಿಗೆ ಗೊತ್ತು. ಪೂರ್ತಿ ಊದಿದ ಕಾಲೂ ಹಾಗೆಯೇ. ಅದಕ್ಕೇ ಊದುವ ಮೊದಲು ಗುಳಿಗೆ. ಅದಕ್ಕೇ ಏನೂ ಆಗದವರಿಗೂ ಗುಳಿಗೆ.

ಗುಳಿಗೆ ನುಂಗಿದ ಮೇಲೆ ಕೆಲವರಿಗೆ ಸ್ವಲ್ಪ ಜ್ವರ, ತಲೆಸುತ್ತು ಬರುತ್ತದೆ. ಸಾಮಾನ್ಯವಾಗಿ ಅದು ಒಳಗಿದ್ದ ಹುಳದ ಮರಿಗಳು ಸಾಯುವಾಗ ಬರುವಂಥದ್ದು, ಬೇಗ ಕಡಿಮೆಯಾಗುತ್ತದೆ. ಜೋರಾದರೆ ಗುಳಿಗೆ ಕೊಟ್ಟವರಿಗೆ ತಿಳಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ತೀರಾ ಕಾಯಿಲೆಯಲ್ಲಿ ಇರುವವರಿಗೆ ಇದನ್ನು ಕೊಡುವುದಿಲ್ಲ. ಈಗಾಗಲೇ ಕಾಲು ಊದಿದವರು ದಿನಾ ಸೋಪಿನಿಂದ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ, ಕೂತಾಗ ಮಲಗಿದಾಗ ಕಾಲು ಎತ್ತರದಲ್ಲಿಟ್ಟು, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿದರೆ ಬಾವು, ಜ್ವರ ಮತ್ತೆ ಮತ್ತೆ ಬರುವುದು ತಗ್ಗುತ್ತದೆ. ಬೀಜದ ಚೀಲದ ನೀರಿಗೆ ಆಪರೇಷನ್ ಇದೆ.

ಈ ಎಲ್ಲವನ್ನೂ ಹೇಳಿದೆವಲ್ಲ, ಎಲ್ಲಾದರೂ ದುಗ್ಧ ಬೇಕಾಯಿತೇ?

ನಾವು ಕೇಳುವುದು ಇಷ್ಟೇ

ಹೊಸ ಪದ ಟಂಕಿಸಿ ಹೆಸರು ಮಾಡುವ ಹುಕಿ ನಮಗಿಲ್ಲ. ನಿಘಂಟಿನಿಂದ ದುಗ್ಧರಸವನ್ನು ಕಿತ್ತುಹಾಕಿ ಎಂದೂ ಹೇಳುತ್ತಿಲ್ಲ. ಅದು ಪರೀಕ್ಷೆಯಲ್ಲಿ ಬರುವವರೆಗೆ ಮಕ್ಕಳು ಕಲಿಯಲೇಬೇಕು. ಆದರೆ ಹಳ್ಳಿಗೆ ಬರುವ ಕಾಗದದಲ್ಲಿ ಅದು ಮೊದಲ ಪದ ಆಗಬಾರದು.

ಕರಪತ್ರ ಬರೆಯುವವರಿಗೆ: ‘ಮೈಯ ಬಸಿಗಾಲುವೆ’ ಎಂದು ಬರೆಯಿರಿ. ಒಳಗೆ ಹರಿಯುವುದಕ್ಕೆ ಬಸಿನೀರು ಎನ್ನಿ. ಅನ್ನ ಬಸಿಯುವ ಮನೆಗೆ, ಬಸ್ಸಾರು ಮಾಡುವ ಮನೆಗೆ ಈ ಪದ ಹೇಳಿಕೊಡಬೇಕಿಲ್ಲ. ಬೇಕಿದ್ದರೆ ಪಕ್ಕದಲ್ಲಿ ಲಿಂಫ್ ಎಂದು ಹಾಕಿ. ಅಚ್ಚು ಹಾಕಿಸುವ ಮೊದಲು ಒಬ್ಬ ಆಶಾ ಕಾರ್ಯಕರ್ತೆಗೆ, ಒಬ್ಬ ಅಜ್ಜಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ತಿದ್ದಿ.

ವಿಜ್ಞಾನದ ಮೇಷ್ಟ್ರುಗಳಿಗೆ, ಟೀಚರುಗಳಿಗೆ: ಆ ಪಾಠದ ದಿನ ಮಕ್ಕಳಿಗೆ ದವಡೆಯ ಕೆಳಗೆ, ಕತ್ತಿನ ಪಕ್ಕಕ್ಕೆ ಬೆರಳಿಟ್ಟು ನೋಡಲು ಹೇಳಿ. ನೆಗಡಿ, ಗಂಟಲುನೋವಿನಲ್ಲಿ ಎದ್ದ ಗಂಟು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಹೆದರಬೇಕಿಲ್ಲ. ಎರಡು ಮೂರು ವಾರವಾದರೂ ಇಳಿಯದ ಗಂಟು, ಬೆಳೆಯುತ್ತಾ ಹೋಗುವ ಗಂಟು, ಕಲ್ಲಿನಂತೆ ಗಟ್ಟಿಯಾದ ಗಂಟು, ಜೊತೆಗೆ ಸಂಜೆ ಜ್ವರ ಅಥವಾ ಮೈ ಸೊರಗುವುದು ಇದ್ದರೆ ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿ. ಇದಕ್ಕೆ ಐದು ನಿಮಿಷವೂ ಬೇಡ.

ನಮ್ಮಂಥ ವರದಿಗಾರರಿಗೆ: ಪ್ರಕಟಣೆಯಲ್ಲಿ ಬಂದದ್ದನ್ನು ಹಾಗೇ ಎತ್ತಿ ಕಳಿಸುವುದು ಸುಲಭ. ಡೆಸ್ಕಿನವರೂ ಪ್ರಶ್ನೆ ಕೇಳುವುದಿಲ್ಲ, ಸುದ್ದಿ ಬೇಗ ಅಚ್ಚಾಗುತ್ತದೆ. ನಮಗೆ ಅರ್ಥವಾಗದ್ದನ್ನು ಓದುಗರಿಗೆ ದಾಟಿಸಿ ವರದಿ ಮಾಡಿದೆವು ಎಂದುಕೊಳ್ಳುತ್ತೇವೆ. ಅಂದು ನಾವು ಮಾಡಿದ್ದೂ ಅದನ್ನೇ. ಇನ್ನು ಮೇಲೆ ಮಾಡುವುದಿಲ್ಲ. ಈ ಜಾಗದಲ್ಲಿ ‘ದುಗ್ಧರಸ’ ಎಂಬ ಪದ ನೀವು ಓದುವುದು ಇದೇ ಕೊನೆ.

ಅಂದಹಾಗೆ, ಆ ಅಜ್ಜಿಗೆ ಕಟ್ಟೆಯ ಮೇಲೆ ಕೂತು ಬಸಿಗಾಲುವೆಯ ಲೆಕ್ಕದಲ್ಲಿ ಎಲ್ಲ ಹೇಳಿದ್ದು ಆಶಾ ಕಾರ್ಯಕರ್ತೆ, ನಾವಲ್ಲ. ನಾವು ಆ ದಿನ ಆಕೆಯಿಂದಲೇ ಕಲಿತೆವು. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಹಿಂಗಂತ ಮೊದಲ ಹೇಳಬಾರದೇನವ್ವಾ?” ಎಂದರು. ಗುಳಿಗೆ ನುಂಗಿದರು. ಆಮೇಲೆ ಸೊಸೆಯನ್ನು ಕೂಗಿ, ಎಲ್ಲರಿಗೂ ಚಾ ಮಾಡು, ಹಾಲು ಜಾಸ್ತಿ ಹಾಕು ಎಂದರು.